ಒಂಬತ್ತನೇ ಇಯತ್ತೆಯ ಪರಮುಲುಕ

ಆಲಮಟ್ಟಿಗೆ ಬಂದವರು ಅಣೆಕಟ್ಟು ನೋಡುತ್ತಾರೆ, ಉದ್ಯಾನ ಸುತ್ತುತ್ತಾರೆ, ಕತ್ತಲಾದ ಮೇಲೆ ಸಂಗೀತ ಕಾರಂಜಿ ನೋಡಿಕೊಂಡು ಊರಿನ ದಾರಿ ಹಿಡಿಯುತ್ತಾರೆ. ಅಲ್ಲಿಯೇ ಇರುವ ಜವಾಹರ ನವೋದಯ ವಿದ್ಯಾಲಯದ ಕಡೆಗೆ ಕಣ್ಣು ಹೋಗುವುದು ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಐದನೇ ಇಯತ್ತೆ ಓದುತ್ತ ಪರೀಕ್ಷೆ ಬರೆದು ಪಾಸಾದ ಮಕ್ಕಳು ಆರನೆಯದಕ್ಕೆ ಇಲ್ಲಿ ಬಂದು ಸೇರುತ್ತಾರೆ. ಅವರಲ್ಲಿ ಕೆಲವರು ಒಂಬತ್ತನೆಯದಕ್ಕೆ ಕಾಲಿಟ್ಟಾಗ ಟ್ರಂಕು ಕಟ್ಟಿಕೊಂಡು ಹಿಂದಿ ಸೀಮೆಯ ಇನ್ನೊಂದು ನವೋದಯಕ್ಕೆ ಹೋಗುತ್ತಾರೆ, ಪೂರ್ತಿ ಒಂದು ವರ್ಷ ಅಲ್ಲೇ ಇದ್ದು ಓದುತ್ತಾರೆ. ಅಲ್ಲಿಯ ಮಕ್ಕಳು ಇವರ ಜಾಗಕ್ಕೆ ಬರುತ್ತಾರೆ.

ವಿನಿಮಯ ವಿದ್ಯಾರ್ಥಿ ಎಂದ ಕೂಡಲೇ ನಮಗೆ ಅಮೆರಿಕ, ಜರ್ಮನಿ, ಜಪಾನು ನೆನಪಾಗುತ್ತವೆ. ಪತ್ರಿಕೆಗಳಲ್ಲಿ ಬೆಂಗಳೂರಿನ ಮಕ್ಕಳ ಫೋಟೊ ಬರುತ್ತದೆ. ನಮ್ಮ ಎರೆಮಣ್ಣಿನ ಊರುಗಳ ಮಕ್ಕಳು ಸದ್ದಿಲ್ಲದೆ ಅದೇ ಅನುಭವಕ್ಕೆ ಹೋಗಿ ಬರುತ್ತಿದ್ದಾರೆ ಎಂಬುದನ್ನು ನಾವು ಗಮನಿಸಿಯೇ ಇಲ್ಲ. ಪಾಸ್‌ಪೋರ್ಟ್ ಬೇಕಿಲ್ಲ, ವೀಸಾ ಬೇಕಿಲ್ಲ, ಆದರೂ ಹದಿನಾಲ್ಕು ವರ್ಷದ ಮಗುವಿಗೆ ಅದು ಪರಮುಲುಕವೇ. ಊಟ ಬೇರೆ, ಮಾತು ಬೇರೆ, ಹವೆ ಬೇರೆ, ಮಲಗುವ ಮಂಚದ ಆಚೀಚೆ ಇರುವ ಮುಖಗಳೂ ಬೇರೆ.

ಈ ಏರ್ಪಾಡು ಹುಟ್ಟಿದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ. ಹಳ್ಳಿಯ ಜಾಣ ಮಕ್ಕಳಿಗೆ ಮನೆಯ ಬಡತನ ಅಡ್ಡ ಬರದಂತೆ ವಸತಿ ಸಹಿತ ಒಳ್ಳೆಯ ಶಾಲೆ ಕೊಡಬೇಕೆಂಬುದು ನವೋದಯದ ಮೂಲ ಉದ್ದೇಶ. ಅದಕ್ಕೂ ಮೊದಲೇ 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗಕ್ಕೆಂದು ಎರಡು ಶಾಲೆ ತೆರೆದಿದ್ದರು. ಈಗ ತಮಿಳುನಾಡು ಒಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇವೆ. ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಸರ್ಕಾರದ್ದು. ಇಷ್ಟು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಇದರೊಳಗಿನ ವಲಸೆ ಯೋಜನೆ. ಒಂಬತ್ತನೆಯ ತರಗತಿಯ ಶೇ 30ರಷ್ಟು ಮಕ್ಕಳು ಹಿಂದಿ ಭಾಷಿಕ ಜಿಲ್ಲೆಯಿಂದ ಹಿಂದಿಯೇತರ ಜಿಲ್ಲೆಗೆ, ಅಲ್ಲಿಂದ ಇಲ್ಲಿಗೆ, ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಅದಲು ಬದಲಾಗಬೇಕು. ಎಂಬತ್ತು ಮಕ್ಕಳ ತರಗತಿಯಾದರೆ ಹೆಚ್ಚೂ ಕಡಿಮೆ 24 ಮಕ್ಕಳು. ಒಂದು ಶಾಲೆಗೆ ಇನ್ನೊಂದು ಶಾಲೆ ಜೋಡಿಯಾಗಿರುತ್ತದೆ. ಮಾಸ್ತರರು ಜೊತೆಗೆ ಹೋಗಿ ಬಿಟ್ಟು ಬರುತ್ತಾರೆ, ವರ್ಷದ ಕೊನೆಗೆ ಕರೆತರುತ್ತಾರೆ.

ಒಂಬತ್ತನೆಯದನ್ನೇ ಯಾಕೆ ಆರಿಸಿದರು ಎಂದು ಪಾಲಕರು ಕೇಳುವುದುಂಟು. ಹತ್ತನೆಯದಕ್ಕೆ ಬೋರ್ಡ್ ಪರೀಕ್ಷೆ, ಆರು ಏಳರ ಮಕ್ಕಳು ತೀರ ಸಣ್ಣವರು. ಒಂಬತ್ತರ ಹೊತ್ತಿಗೆ ಮೂರು ವರ್ಷ ಹಾಸ್ಟೆಲಿನಲ್ಲಿದ್ದು ತಮ್ಮ ಬಟ್ಟೆ ತಾವೇ ಒಗೆದುಕೊಂಡು, ತಮ್ಮ ಸಂಕಟ ತಾವೇ ನುಂಗಿಕೊಂಡು ಗಟ್ಟಿಯಾಗಿರುತ್ತಾರೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ದೇಶದ ಎಲ್ಲ ನವೋದಯಗಳೂ ಸಿಬಿಎಸ್‌ಇ ಪಠ್ಯಕ್ರಮದವು, ಓದುವುದು ಅದೇ ಎನ್‌ಸಿಇಆರ್‌ಟಿ ಪುಸ್ತಕಗಳನ್ನು. ಆಲಮಟ್ಟಿಯಲ್ಲಿ ನಿಲ್ಲಿಸಿದ ಪಾಠವನ್ನು ಸಾವಿರಾರು ಕಿಲೋಮೀಟರು ದೂರದಲ್ಲಿ ಮುಂದುವರಿಸಬಹುದು. ಮಗುವಿನ ವರ್ಷ ವ್ಯರ್ಥವಾಗುವುದಿಲ್ಲ.

ಹೊರದೇಶದ ವಿನಿಮಯದಲ್ಲಿ ನಮ್ಮ ಊರಿನ ಮಕ್ಕಳಿಗೆ ತೊಡಕಾಗುವುದು ಇಲ್ಲಿಯೇ. ಎಎಫ್‌ಎಸ್ ಎಂಬ ಸಂಸ್ಥೆ ಇದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಆಂಬುಲೆನ್ಸ್ ಸ್ವಯಂಸೇವಕರು ಕಟ್ಟಿದ್ದು ಅದು. ಎರಡನೆಯ ಯುದ್ಧ ಮುಗಿದ ಮೇಲೆ, ಮುಂದೆ ಯುದ್ಧವೇ ಬೇಡ ಎನ್ನುವುದಾದರೆ ಬೇರೆ ಬೇರೆ ದೇಶಗಳ ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆಯಬೇಕು ಎಂದು ಅವರು ವಿದ್ಯಾರ್ಥಿ ವಿನಿಮಯ ಶುರು ಮಾಡಿದರು. 2001ರ ಸೆಪ್ಟೆಂಬರ್ ದಾಳಿಯ ನಂತರ, 2002ರಲ್ಲಿ, ಅಮೆರಿಕ ಸರ್ಕಾರ ಕೆನಡಿ-ಲೂಗರ್ ಹೆಸರಿನ ‘ಯೆಸ್’ ವಿದ್ಯಾರ್ಥಿವೇತನ ತಂದಿತು. ಭಾರತದ ಮಕ್ಕಳಿಗೂ ಅದರಲ್ಲಿ ಅವಕಾಶವಿದೆ, ಖರ್ಚೆಲ್ಲ ಅವರದು. ರೋಟರಿಯವರೂ 15ರಿಂದ 19 ವರ್ಷದವರನ್ನು ಹೊರದೇಶಕ್ಕೆ ಕಳಿಸುತ್ತಾರೆ. ಒಳ್ಳೆಯ ಕೆಲಸಗಳೇ. ಆದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ಹೊಸ್ತಿಲಲ್ಲಿರುವ ಸಿಂದಗಿಯ ಹುಡುಗಿ ಒಂದು ವರ್ಷ ಅಮೆರಿಕದಲ್ಲಿ ಓದಿ ಬಂದರೆ ಆ ವರ್ಷ ಇಲ್ಲಿಯ ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಇಂಥದ್ದೊಂದು ಅವಕಾಶ ಇದೆ ಎಂದು ಹೇಳುವವರೂ ಅವಳ ಶಾಲೆಯಲ್ಲಿ ಇರುವುದಿಲ್ಲ. ಆದ್ದರಿಂದ ಈ ನಾಲ್ಕು ತಾಲೂಕಿನ ಬಡ ಮನೆಯ ಮಗುವಿಗೆ ಕೈಗೆ ಎಟಕುವ ವಿನಿಮಯ ಎಂದರೆ ನವೋದಯದ್ದು. ಅದನ್ನು ಎರಡನೆಯ ದರ್ಜೆಯದು ಎಂದು ನಾನು ಎಣಿಸುವುದಿಲ್ಲ.

ಹೊರಡುವ ಹಿಂದಿನ ದಿನ ಇಂಥ ಮನೆಗಳಲ್ಲಿ ಏನು ನಡೆಯುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಜ್ಜಿ ರೊಟ್ಟಿ, ಜೋಳದ ಖಡಕ್ ರೊಟ್ಟಿ ಬಡಿದು, ಆರಿಸಿ, ಬಿಳಿ ಪಂಜೆಯ ಅರಿವೆಯಲ್ಲಿ ಸುತ್ತುತ್ತಾರೆ. ಶೇಂಗಾ ಹಿಂಡಿ ಒಂದು ಡಬ್ಬಿ, ಅಗಸಿ ಹಿಂಡಿ ಒಂದು, ಗುರೆಳ್ಳು ಹಿಂಡಿ ಇನ್ನೊಂದು. ಇಂಡಿ ಕಡೆಯವರಾದರೆ ಲಿಂಬಿಕಾಯಿ ಉಪ್ಪಿನಕಾಯಿ ಇಲ್ಲದೆ ಟ್ರಂಕಿನ ಮುಚ್ಚಳ ಬೀಳುವುದಿಲ್ಲ. ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿಯನ್ನು ಎಲ್ಲಕ್ಕಿಂತ ಮೇಲೆ ಇಡುತ್ತಾರೆ.

“ಯವ್ವಾ, ಇಷ್ಟ್ ರೊಟ್ಟಿ ಯಾಕ? ಅಲ್ಲಿ ಮೆಸ್ಸಿನ್ಯಾಗ ಊಟಾ ಕೊಡ್ತಾರ.”

“ಕೊಡ್ಲಿ ತಗೋ ತಮ್ಮಾ. ಅಲ್ಲೀ ಹುಡುಗರಿಗೂ ಒಂದೀಟು ಕೊಡು. ನೀ ಒಬ್ಬನ ತಿನಬ್ಯಾಡ.”

ಮಾತು ಹೆಚ್ಚೂ ಕಡಿಮೆ ಹೀಗಿರುತ್ತದೆ. ಆ ತಾಯಿ ವಲಸೆ ಯೋಜನೆಯ ಸುತ್ತೋಲೆ ಓದಿದವಳಲ್ಲ, ಆದರೆ ಯೋಜನೆಯ ತಿರುಳು ಅವಳ ಬಾಯಲ್ಲಿ ಬಂದುಬಿಟ್ಟಿರುತ್ತದೆ.

ಉತ್ತರಕ್ಕೆ ಹೊರಟ ರೈಲು ಆಲಮಟ್ಟಿ ಬಿಟ್ಟರೆ ಬಸವನ ಬಾಗೇವಾಡಿ ರೋಡ್, ವಿಜಯಪುರ, ನಿಂಬಾಳ, ಇಂಡಿ ರೋಡ್ ದಾಟಿ ಭೀಮಾ ನದಿಯ ಆಚೆ ಮಹಾರಾಷ್ಟ್ರ ಸೇರುತ್ತದೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲೇ ಇಲ್ಲ. ಅಲ್ಲಿಯ ಎಷ್ಟೋ ಮಕ್ಕಳಿಗೆ ರೈಲಿನಲ್ಲಿ ರಾತ್ರಿ ಕಳೆಯುವುದೇ ಮೊದಲ ಸಲ. ಈ ದಾರಿಯ ನಿಂಬಾಳ ಸಣ್ಣ ನಿಲ್ದಾಣ. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿ, ಅಲ್ಲಿಯ ಕುಲಪತಿಯೂ ಆದ ಗುರುದೇವ ರಾನಡೆ (1886–1957) ಆಶ್ರಮ ಕಟ್ಟಿಕೊಂಡು ಕೊನೆಯ ದಿನಗಳನ್ನು ಕಳೆದದ್ದು ಇಂಡಿ ತಾಲೂಕಿನ ಈ ಹಳ್ಳಿಯಲ್ಲಿ. ಹಿಂದಿ ಸೀಮೆಯ ವಿದ್ವಾಂಸರು ಅವರನ್ನು ಅರಸಿಕೊಂಡು ಇಲ್ಲಿಗೆ ಬರುತ್ತಿದ್ದರು. ಈ ಹಳಿಯ ಮೇಲೆ ಎರಡೂ ಕಡೆಯಿಂದ ವಿದ್ಯೆ ಓಡಾಡಿದೆ.

ಹೋದ ಮೇಲಿನ ದಿನಚರಿ ಮಕ್ಕಳಿಗೆ ಗುರುತಿನದೇ. ಬೆಳಗಿನ ಐದರ ಸುಮಾರಿಗೆ ಗಂಟೆ, ಮೈದಾನದಲ್ಲಿ ಪಿಟಿ, ಸ್ನಾನ, ನಾಷ್ಟಾ, ಪ್ರಾರ್ಥನೆ, ಪಾಠ. ಮಧ್ಯಾಹ್ನ ಊಟವಾದ ಮೇಲೆ ಮಾಸ್ತರರ ಕಣ್ಣೆದುರಿನ ಓದು, ಸಂಜೆ ಆಟ, ರಾತ್ರಿ ಮತ್ತೆ ಓದು, ಹಾಜರಿ, ದೀಪ ಆರುವುದು. ಮಕ್ಕಳನ್ನು ಹಂಚುವ ನಾಲ್ಕು ಸದನಗಳ ಹೆಸರೂ ಅವೇ: ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಆಲಮಟ್ಟಿಯಲ್ಲಿ ನೀಲಗಿರಿ ಸದನದಲ್ಲಿದ್ದ ಹುಡುಗ ಅಲ್ಲಿಯೂ ನೀಲಗಿರಿಯ ಹುಡುಗನಾಗಬಹುದು. ಕಟ್ಟಡ, ಗಂಟೆ, ನಿಯಮ ಗುರುತಿನವಾದ್ದರಿಂದ ಮಗುವಿನ ಗಮನವೆಲ್ಲ ಗುರುತಿಲ್ಲದ್ದರ ಮೇಲೆ ನಿಲ್ಲುತ್ತದೆ. ಈ ಯೋಜನೆಯನ್ನು ರೂಪಿಸಿದವರ ಜಾಣತನ ನನಗೆ ಕಾಣುವುದು ಇಲ್ಲಿ. ಎಲ್ಲವೂ ಒಮ್ಮೆಲೇ ಬದಲಾದರೆ ಮಗು ಕಂಗೆಡುತ್ತದೆ.

ಮೊದಲು ಕಾಡುವುದು ತಾಟು. ಜೋಳದ ರೊಟ್ಟಿಗೆ ಹೊಂದಿದ ಹೊಟ್ಟೆಗೆ ಮೂರು ಹೊತ್ತೂ ಗೋದಿ, ಆಲೂಗಡ್ಡೆ, ತೊಗರಿಬೇಳೆ. ಎಷ್ಟೋ ಕಡೆ ಪಲ್ಯಕ್ಕೆ ಸಾಸಿವೆ ಎಣ್ಣೆ, ಅದರ ಘಾಟು ಮೂಗಿಗೆ ಒಗ್ಗಲು ವಾರಗಟ್ಟಲೆ ಬೇಕು. ಆಗ ಟ್ರಂಕಿನೊಳಗಿನ ಹಿಂಡಿಯ ಡಬ್ಬಿ ಹೊರಗೆ ಬರುತ್ತದೆ. ಒಬ್ಬನ ಡಬ್ಬಿಯ ಸುತ್ತ ಹತ್ತು ಕೈ. ಅಲ್ಲಿಯ ಹುಡುಗರ ಮನೆಯಿಂದ ಬಂದ ಸತ್ತು ಹಿಟ್ಟು, ಮಾವಿನಕಾಯಿ ಉಪ್ಪಿನಕಾಯಿ, ಬೆಲ್ಲದ ಉಂಡೆ ಇವರ ತಾಟಿಗೆ ಬೀಳುತ್ತವೆ. ಅವರ ಗೆಳೆತನ ಇಲ್ಲಿಂದ ಶುರುವಾಗುತ್ತದೆ. ಡಬ್ಬಿ ಬೇಗ ಖಾಲಿಯಾಗುತ್ತದೆ, ಗೆಳೆತನ ನಿಲ್ಲುತ್ತದೆ.

ಚಳಿಯ ಮಾತು ಬೇರೆ. ವಿಜಯಪುರ ಜಿಲ್ಲೆಯ ಮಗುವಿಗೆ ಬಿಸಿಲು ಗೊತ್ತು, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೂ ಓಣಿಯಲ್ಲಿ ಆಡುವ ಮಕ್ಕಳು ನಮ್ಮವು. ಗಂಗೆಯ ಬಯಲಿನ ಜನವರಿ ಅವರಿಗೆ ಹೊಸದು. ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ, ಮಂಜು ಕವಿದು ಎದುರಿನ ಕಟ್ಟಡವೇ ಕಾಣುವುದಿಲ್ಲ, ಮಧ್ಯಾಹ್ನದವರೆಗೆ ಸೂರ್ಯನ ಸುಳಿವಿರುವುದಿಲ್ಲ. ತಣ್ಣೀರು ಮುಟ್ಟಿದರೆ ಬೆರಳು ಸೆಟೆಯುತ್ತವೆ. ಅವ್ವ ಕಟ್ಟಿದ ಕೌದಿಗೆ ಆ ಚಳಿ ತಡೆಯುವ ಶಕ್ತಿ ಇಲ್ಲ, ಅಲ್ಲಿಯ ಹತ್ತಿ ತುಂಬಿದ ರಜಾಯಿಯ ಕೆಳಗೆ ಅದನ್ನು ಹೊದ್ದು ಮಲಗುತ್ತಾರೆ. ಕಳಿಸುವ ಪಾಲಕರು ಸ್ವೆಟರು, ಉಣ್ಣೆಯ ಕಾಲುಚೀಲ, ಟೊಪ್ಪಿಗೆಗಳನ್ನು ಜೂನ್ ತಿಂಗಳಲ್ಲೇ ಟ್ರಂಕಿಗೆ ಹಾಕಬೇಕು. ಆಗಿನ ಸೆಕೆಯಲ್ಲಿ ಅವು ಬೇಡವೆನ್ನಿಸಿದರೂ ಬಿಡಬಾರದು.

ಮಾತಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಮಕ್ಕಳಿಗೆ ಒಂದು ಬಲ ಇದೆ. ಇಲ್ಲಿಯ ಓಣಿಗಳಲ್ಲಿ ದಖನಿ ಕೇಳುತ್ತದೆ, ಇಂಡಿಯ ಗಡಿ ಊರುಗಳಲ್ಲಿ ಮರಾಠಿ ಕೇಳುತ್ತದೆ. ಕಿವಿ ಪಳಗಿರುತ್ತದೆ. ಆದರೂ ತರಗತಿಯ ಹಿಂದಿ ಬೇರೆ. ನವೋದಯದ ಕ್ರಮದಲ್ಲಿ ಮೇಲಿನ ತರಗತಿಗಳಿಗೆ ಬಂದಂತೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಸಮಾಜ ವಿಜ್ಞಾನಕ್ಕೆ ಹಿಂದಿಯ ಒತ್ತು. ಕುರ್ಚಿ ಗಂಡೋ ಹೆಣ್ಣೋ, ಪುಸ್ತಕ ಗಂಡೋ ಹೆಣ್ಣೋ ಎಂದು ನಮ್ಮ ಮಕ್ಕಳು ತಿಂಗಳುಗಟ್ಟಲೆ ಎಡವುತ್ತಾರೆ, ಗೆಳೆಯರು ನಗುತ್ತಾರೆ, ನಗುತ್ತಲೇ ತಿದ್ದುತ್ತಾರೆ. ದೀಪಾವಳಿಯ ಹೊತ್ತಿಗೆ ಜಗಳವೂ ಹಿಂದಿಯಲ್ಲೇ ನಡೆಯುತ್ತದೆ.

ಹಲವರಿಗೆ ತಿಳಿಯದ ಇನ್ನೊಂದು ಸಂಗತಿ ಇದೆ. ಕರ್ನಾಟಕದೊಂದಿಗೆ ಜೋಡಿಯಾದ ಹಿಂದಿ ಸೀಮೆಯ ನವೋದಯಗಳಲ್ಲಿ ಕನ್ನಡವನ್ನು ಮೂರನೆಯ ಭಾಷೆಯಾಗಿ ಕಲಿಸುತ್ತಾರೆ. ಅದಕ್ಕೆಂದೇ ಕನ್ನಡ ಮಾಸ್ತರರು ಇರುತ್ತಾರೆ. ಹಿಂದಿ ಮನೆಯ ಮಕ್ಕಳು ಆರನೆಯದರಿಂದ ಅ, ಆ ತಿದ್ದಿ, ಕಾಗುಣಿತ ಬರೆದು, ಮುಂದೊಂದು ದಿನ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ತಯಾರಾಗುತ್ತವೆ. ನಮ್ಮಿಂದ ಹೋದ ಮಗುವಿಗೆ ಆ ಕನ್ನಡ ಮಾಸ್ತರರೇ ಅಪ್ಪ, ಕಾಕಾ, ಮಾವ ಎಲ್ಲ. ಜ್ವರ ಬಂದರೆ ಮೊದಲು ಹೋಗಿ ನಿಲ್ಲುವುದು ಅವರ ಕ್ವಾರ್ಟರ್ಸಿನ ಬಾಗಿಲಲ್ಲಿ. ಮನೆಯಿಂದ ಅಷ್ಟು ದೂರ, ವರ್ಷಗಟ್ಟಲೆ, ಬೇರೆಯವರ ಮಕ್ಕಳಿಗೆ ಕನ್ನಡ ಕಲಿಸುತ್ತ, ನಮ್ಮ ಮಕ್ಕಳ ಹಣೆ ಮುಟ್ಟಿ ನೋಡುತ್ತ ದುಡಿಯುವ ಆ ಶಿಕ್ಷಕರನ್ನು ರಾಜ್ಯೋತ್ಸವದ ವೇದಿಕೆಗಳ ಮೇಲೆ ಯಾರಾದರೂ ನೆನೆದಿದ್ದನ್ನು ನಾನು ಕೇಳಿಲ್ಲ. ನೆನೆಯಬೇಕು.

ಮನೆಯ ನೆನಪು ಹೆಚ್ಚು ಕಾಡುವುದು ಹಬ್ಬದ ದಿನ. ನವೋದಯದಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಶಾಲೆ ಕೊಟ್ಟ ವೇಳೆಯಲ್ಲಿ, ಸರದಿಯಲ್ಲಿ ನಿಂತು, ಮನೆಗೆ ಫೋನ್ ಮಾಡಬೇಕು. ಎಳ್ಳಮವಾಸಿಯ ದಿನ ಊರಿನಲ್ಲಿ ಎಲ್ಲರೂ ಬಂಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಈ ಮಗು ಮಂಜಿನೊಳಗೆ ಪಿಟಿ ಮಾಡುತ್ತಿರುತ್ತದೆ. ಆ ಹೊತ್ತಿನ ಅಳು ಸಣ್ಣದಲ್ಲ. ಅಳು ಕೇಳಿದ ಕೂಡಲೇ ಹೋಗಿ ಕರೆದುಕೊಂಡು ಬರುವ ಪಾಲಕರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅವರಿಗೆ ನಾನು ಹೇಳುವುದು: ಮೊದಲ ಎರಡು ತಿಂಗಳು ಗಟ್ಟಿಯಾಗಿರಿ, ಫೋನಿನಲ್ಲಿ ನೀವು ಅಳಬೇಡಿ. ಮಗುವಿಗೆ ನಿಜವಾದ ತೊಂದರೆ ಇದ್ದರೆ, ಹೊಡೆತ ಬಡಿತ ಇದ್ದರೆ, ಬೇನೆ ಬಿದ್ದರೆ, ಎರಡೂ ಶಾಲೆಯ ಪ್ರಾಚಾರ್ಯರಿಗೆ ಕೂಡಲೇ ತಿಳಿಸಿ, ತಡಮಾಡಬೇಡಿ. ಬರೀ ಮನೆಯ ನೆನಪಾದರೆ ಅದು ಇಳಿಯುತ್ತದೆ.

ಮನೆ ಬಿಟ್ಟು ಕಲಿಯಲು ಹೋಗುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಬಾಗೇವಾಡಿಯ ಬಸವಣ್ಣ ಎಳೆಯ ಪ್ರಾಯದಲ್ಲೇ ಮನೆ ಬಿಟ್ಟು ಕೃಷ್ಣೆ-ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ ಹೋಗಿ ಗುರುವಿನ ಬಳಿ ಕಲಿತರೆಂದು ಪರಂಪರೆ ಹೇಳುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಇತ್ತು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದವರು ಇದ್ದರು. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರಂತೂ ಇಂದಿಗೂ ಊರೂರಿನಲ್ಲಿ ಸಿಗುತ್ತಾರೆ. ಆದರೆ ಇತ್ತೀಚಿನ ಹಲವು ದಶಕಗಳಿಂದ ಮುದ್ದೇಬಿಹಾಳ, ಸಿಂದಗಿ, ಇಂಡಿಯ ಹಳ್ಳಿಗಳಿಂದ ಹೊರರಾಜ್ಯಕ್ಕೆ ಹೋಗುವುದು ಎಂದರೆ ಗುಳೆ ಹೋಗುವುದು. ಗೋವಾದಲ್ಲಿ, ಪುಣೆ, ಮುಂಬೈಗಳಲ್ಲಿ ಕಟ್ಟಡ ಕಟ್ಟಲು, ರಸ್ತೆ ಮಾಡಲು, ಅಪ್ಪ-ಅವ್ವನ ಬೆನ್ನಿಗೆ ಬಿದ್ದು ಹೋದ ಮಕ್ಕಳು. ಹದಿನಾಲ್ಕರ ವಯಸ್ಸಿಗೆ ಪರರಾಜ್ಯ ಕಂಡ ಮಕ್ಕಳು ನಮ್ಮಲ್ಲಿ ಯಾವಾಗಲೂ ಇದ್ದಾರೆ, ಬುಟ್ಟಿ ಹೊರಲು ಹೋಗಿ ಕಂಡವರು. ಪುಸ್ತಕ ಹಿಡಿದುಕೊಂಡು, ಸರ್ಕಾರದ ಖರ್ಚಿನಲ್ಲಿ, ಅಲ್ಲಿಯವರ ಸಮಕ್ಕೆ ಕೂತು ಓದಲು ಹೋಗುವ ಮಗು ಈ ಊರುಗಳಿಗೆ ಎಷ್ಟು ದೊಡ್ಡ ಸಂಗತಿ ಎಂಬುದು ಆ ಗುಳೆಯನ್ನು ಬಲ್ಲವರಿಗೆ ಗೊತ್ತು. ಅದಕ್ಕೇ ನಾನು ಈ ಯೋಜನೆಯ ಬಗ್ಗೆ ಇಷ್ಟು ಒತ್ತಿ ಬರೆಯುತ್ತಿರುವುದು.

ಹೆಣ್ಣುಮಕ್ಕಳ ಮಾತು ಬಂದಾಗ ಪಾಲಕರ ಹಿಂಜರಿಕೆ ದುಪ್ಪಟ್ಟಾಗುತ್ತದೆ. ದೊಡ್ಡಾಕಿ ಆಗ್ಯಾಳ, ಅಷ್ಟು ದೂರ ಹೆಂಗ ಕಳಸೂದು ಎನ್ನುವ ಮಾತು ಪ್ರತಿ ಮನೆಯಲ್ಲೂ ಏಳುತ್ತದೆ. ಹದಿನಾರಕ್ಕೆ ಮದುವೆಯ ಮಾತು ತೆಗೆಯುವ ಮನೆಗಳು ನಮ್ಮ ಭಾಗದಲ್ಲಿ ಇನ್ನೂ ಇವೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂಥ ಊರಿನಿಂದ ಒಬ್ಬ ಹುಡುಗಿ ಹೋಗಿ, ಬೇರೆ ರಾಜ್ಯದ ಹುಡುಗಿಯರೊಂದಿಗೆ ಒಂದು ವರ್ಷ ಇದ್ದು ಬಂದರೆ, ಅವಳ ಓಣಿಯ ಹತ್ತು ಹುಡುಗಿಯರಿಗೆ ದಾರಿ ಕಾಣುತ್ತದೆ. ಹುಡುಗಿಯರ ಜೊತೆಗೆ ಶಿಕ್ಷಕಿ ಹೋಗುತ್ತಾರೆಯೇ, ಅಲ್ಲಿಯ ಹುಡುಗಿಯರ ವಸತಿಗೆ ಮೇಲ್ವಿಚಾರಕಿ ಯಾರು, ಎಂದು ಪಾಲಕರು ಕೇಳಿ ತಿಳಿದುಕೊಳ್ಳಲಿ. ಕೇಳುವುದು ಅವರ ಹಕ್ಕು. ಕೇಳಿದ ಮೇಲೆ ಕಳಿಸಲಿ.

ಇನ್ನು ಬರುವ ಮಕ್ಕಳ ವಿಚಾರ. ಈ ಬರಹದ ಮುಖ್ಯ ಮಾತೇ ಅದು. ಕಳಿಸುವ ಮಕ್ಕಳ ಬಗ್ಗೆ ನಾವು ಇಷ್ಟೆಲ್ಲ ಚಿಂತಿಸುತ್ತೇವೆ. ಅದೇ ವಯಸ್ಸಿನ, ಅದೇ ಅಳುವಿನ ಮಕ್ಕಳು ಹಿಂದಿ ಸೀಮೆಯಿಂದ ಹೊರಟು ಆಲಮಟ್ಟಿಗೆ ಬಂದು ನಮ್ಮ ನಡುವೆ ಒಂದು ವರ್ಷ ಇರುತ್ತಾರೆ. ಅವರಿಗೆ ನಾವೇ ಪರಮುಲುಕದವರು. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ, ಖಾರಕ್ಕೆ ಕಣ್ಣಲ್ಲಿ ನೀರು ಬಂದು, ಮಾರ್ಚ್ ತಿಂಗಳ ಬಿಸಿಲಿಗೆ ಮೂಗಿನಲ್ಲಿ ರಕ್ತ ಬಂದು ಅವೂ ಅವ್ವನನ್ನು ನೆನೆಸುತ್ತವೆ. ಶಾಲೆಯವರು ಗೋಳಗುಮ್ಮಟ ತೋರಿಸಬಹುದು, ಕೂಡಲಸಂಗಮಕ್ಕೆ, ಅಣೆಕಟ್ಟಿಗೆ ಕರೆದೊಯ್ಯಬಹುದು. ಆದರೆ ವರ್ಷವಿಡೀ ಇಲ್ಲಿದ್ದು ಹೋದ ಮಗು ವಿಜಯಪುರ ಜಿಲ್ಲೆಯ ಒಂದೇ ಒಂದು ಮನೆಯ ಹೊಸ್ತಿಲು ದಾಟಿರುವುದಿಲ್ಲ, ಒಂದು ಅಡುಗೆಮನೆ ನೋಡಿರುವುದಿಲ್ಲ. ಹೊರದೇಶದ ವಿನಿಮಯಗಳಲ್ಲಿ ಮಗುವನ್ನು ಇಟ್ಟುಕೊಳ್ಳುವುದು ಮನೆಯವರು. ಅಮೆರಿಕದಲ್ಲಿ ‘ಯೆಸ್’ ಮಕ್ಕಳನ್ನು ಇಟ್ಟುಕೊಳ್ಳುವ ಕುಟುಂಬಗಳು ದುಡ್ಡಿಗಾಗಿ ಇಟ್ಟುಕೊಳ್ಳುವುದಿಲ್ಲ. ಮಗು ಅವರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತದೆ, ಅವರ ಅಜ್ಜಿಯ ಜೊತೆ ಟಿವಿ ನೋಡುತ್ತದೆ, ಆ ದೇಶ ಅದಕ್ಕೆ ತಿಳಿಯುವುದು ಹಾಗೆ. ನವೋದಯದ ಯೋಜನೆಯಲ್ಲಿ ಕಾಂಪೌಂಡ್ ಗೋಡೆ ಅಡ್ಡ ಬರುತ್ತದೆ. ಮಕ್ಕಳ ರಕ್ಷಣೆಗೆ ಆ ಗೋಡೆ ಬೇಕು, ಅದನ್ನು ಒಡೆಯಿರಿ ಎಂದು ನಾನು ಹೇಳುತ್ತಿಲ್ಲ. ಒಂದು ದಿನದ ಮಟ್ಟಿಗೆ ಗೇಟು ತೆರೆಯಬಹುದಲ್ಲ ಎನ್ನುತ್ತಿದ್ದೇನೆ.

ಶಾಲೆಯಲ್ಲಿ ಪಾಲಕ-ಶಿಕ್ಷಕರ ಸಭೆ ಇದೆ. ಅಲ್ಲಿಗೆ ಬರುವ ನಾಲ್ಕೂ ತಾಲೂಕಿನ ಪಾಲಕರು ಪ್ರಾಚಾರ್ಯರ ಮುಂದೆ ಈ ಮಾತು ಎತ್ತಬಹುದು. ಬಂದ ಮಕ್ಕಳು ಇನ್ನೂ ಹೊಸಬರಾಗಿರುವಾಗಲೇ ನಾಗರ ಪಂಚಮಿ ಬರುತ್ತದೆ. ಆಲಮಟ್ಟಿ, ನಿಡಗುಂದಿ, ಬಾಗೇವಾಡಿಯ ಸುತ್ತಿನ ಯಾವುದಾದರೂ ಊರಿಗೆ ಮಾಸ್ತರರ ಜೊತೆ ಅವರನ್ನು ಕರೆಸಿ, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಜೀಕಲು ಬಿಟ್ಟು, ಅಳ್ಳು, ತಂಬಿಟ್ಟು, ಶೇಂಗಾ ಉಂಡಿ ತಿನ್ನಿಸಿ ಸಂಜೆಗೆ ಬಿಟ್ಟು ಬರಬಹುದು. ಎಳ್ಳಮವಾಸಿಗೆ ಜೋಳ ಎದೆಮಟ್ಟ ನಿಂತ ಹೊಲಕ್ಕೆ ಕರೆದೊಯ್ಯಬಹುದು. ಆ ದಿನ ಯಾವ ಹೊಲದಲ್ಲೂ ಬುತ್ತಿಗೆ ಬರವಿಲ್ಲ: ಸಜ್ಜಿ ಕಡಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಭಜ್ಜಿ ಪಲ್ಯ. ತಮ್ಮ ಮಗನನ್ನೋ ಮಗಳನ್ನೋ ಆ ವರ್ಷ ಉತ್ತರಕ್ಕೆ ಕಳಿಸಿದ ಮನೆಯವರೇ ಮೊದಲು ಕರೆಯಲಿ. ಲಿಖಿತ ಒಪ್ಪಿಗೆ, ಮಕ್ಕಳ ಪಟ್ಟಿ, ಜೊತೆಗೆ ಇಬ್ಬರು ಶಿಕ್ಷಕರು, ಹೋಗಿ ಬರಲು ಒಂದು ವಾಹನ, ಇಷ್ಟಿದ್ದರೆ ಸಾಕು. ಇದಕ್ಕೆ ಸರ್ಕಾರದ ಹೊಸ ಯೋಜನೆ ಬೇಕಿಲ್ಲ. ಮುಂದಿನ ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಬೇಕು. ಕೇಳುವವರು ಬೇಕೆಂದೇ ಈ ವಾರ ಇದನ್ನು ಬರೆದಿದ್ದೇನೆ.